ಅರವತ್ತೆರಡೋ, ಎಪ್ಪತ್ತೋ?

"ನಿನ್ನ ಹೆಂಡತಿಯ ತಾಯಿ ಎಷ್ಟನೇ ವಯಸ್ಸಿಗೆ ಹೋದರು?"

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆ ನಿಂತು, ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ ಹೀಗೆ ಕೇಳಿಬಿಟ್ಟರು. ನಾನು ಹೇಳಿದ್ದು ಇಷ್ಟೇ: ಬರುವ ಜೂನ್‌ಗೆ 62 ತುಂಬುತ್ತೆ, ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ) ದುಡ್ಡು ಯಾವಾಗಿಂದ ತಗೊಳ್ಳೋದು ಅಂತ ತಲೆ ಕೆಡಿಸಿಕೊಂಡಿದ್ದೀನಿ. ಅದಕ್ಕೂ ನಮ್ಮತ್ತೆಯ ಸಾವಿಗೂ ಎತ್ತಣ ಸಂಬಂಧ?

"ಹೋಗಿಲ್ಲ, ಹಾಸನದಲ್ಲಿದ್ದಾರೆ. 91 ವರ್ಷ. ಈಗಲೂ ಅವರ ಕಾಫಿ ಅವರೇ ಮಾಡ್ಕೋತಾರೆ" ಅಂದೆ.

"ಹಾಗಿದ್ರೆ ನೀನು ಲೆಕ್ಕ ಹಾಕೋದೇನೂ ಉಳಿದಿಲ್ಲ, ಸುಮ್ಮನೆ ಕಾಯ್ತಾ ಇರು" ಅಂದವರೇ ಗುಲಾಬಿ ಗಿಡದ ಕಡೆ ತಿರುಗಿದರು.

ಒಳಗೆ ಬಂದು ಹೇಳಿದ್ದಕ್ಕೆ ನನ್ನವಳು ಸೌಟು ಹಿಡಿದುಕೊಂಡೇ "ಬಿಡ್ತು ಅನ್ರೀ! ನಮ್ಮಮ್ಮನ ಮೇಲೆ ಯಾಕೆ ಬಂತು ಅವರ ಕಣ್ಣು?" ಅಂತ ರೇಗಿದಳು. ಈ ಒಹಾಯೋದಲ್ಲಿ ಜನ ಹುಲ್ಲು ಕತ್ತರಿಸುವ ಮಾತಾಡಿದಷ್ಟೇ ಸಲೀಸಾಗಿ ಸಾಯುವ ಮಾತಾಡುತ್ತಾರೆ. ನಮಗಿನ್ನೂ ಅದು ರೂಢಿಯಾಗಿಲ್ಲ.

ಊರಲ್ಲಿರುವವರಿಗೆ ಸ್ವಲ್ಪ ವಿವರ ಹೇಳಬೇಕು. ಇಲ್ಲಿ ದುಡಿಯುವ ಬಹುತೇಕ ಎಲ್ಲರ ಸಂಬಳದಿಂದ ಶೇ 6.2 ಈ ಖಾತೆಗೆ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಸುಮಾರು ಹತ್ತು ವರ್ಷ ಕಟ್ಟಿದರೆ ಪಿಂಚಣಿಗೆ ಹಕ್ಕು. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಮೊತ್ತ ಸಿಗುವುದು 67ಕ್ಕೆ. ಆಗ ತಿಂಗಳಿಗೆ 1,000 ಡಾಲರ್ ಬರುವವರು 62ಕ್ಕೇ ಕೈ ಚಾಚಿದರೆ 700, 70ರವರೆಗೆ ತಡೆದರೆ 1,240. ಒಮ್ಮೆ ಶುರುವಾದರೆ ಸಾಯುವವರೆಗೂ ಆ ಅಂದಾಜಿನಲ್ಲೇ. ಬೆಲೆ ಏರಿದಂತೆ ವರ್ಷವರ್ಷ ಅಷ್ಟಿಷ್ಟು ಕೂಡುತ್ತದೆ. ಲೆಕ್ಕ ಹಾಕಿದರೆ 62ಕ್ಕೆ ತಗೊಂಡವನನ್ನು 70ಕ್ಕೆ ತಗೊಂಡವನು ಹಿಂದೆ ಹಾಕುವುದು 80 ದಾಟಿ ಕೆಲವು ತಿಂಗಳಿಗೆ. ಅಂದರೆ ಸರ್ಕಾರ ನಮ್ಮ ಮುಂದೆ ಅರ್ಜಿ ಇಟ್ಟು ಕೇಳುತ್ತಿರುವುದು ಒಂದೇ ಪ್ರಶ್ನೆ: 80 ದಾಟುತ್ತೀಯೋ ಇಲ್ಲವೋ?

ಆಫೀಸಿನಲ್ಲಿ ಊಟದ ಹೊತ್ತಿಗೆ ಈಗ ಇದೇ ಮಾತು. ಅಪ್ಪ ಬೇಗ ತೀರಿಕೊಂಡವರು 62 ಅನ್ನುತ್ತಾರೆ, ಬೆಳಿಗ್ಗೆ ಎದ್ದು ಓಡುವವರು 70 ಅನ್ನುತ್ತಾರೆ. 2033ಕ್ಕೆ ನಿಧಿ ಖಾಲಿಯಾಗುತ್ತಂತೆ, ಸಿಕ್ಕಷ್ಟು ಬಾಚಿಕೋ ಅನ್ನುವವರು ಇನ್ನೊಂದಷ್ಟು ಜನ. ಖಾಲಿಯಾದರೆ ಸೊನ್ನೆಯಾಗುವುದಿಲ್ಲ, ಬರುವ ತೆರಿಗೆಯಿಂದಲೇ ಶೇ 77ರಷ್ಟು ಕೊಡಬಹುದು ಅಂತ 2025ರ ಟ್ರಸ್ಟಿಗಳ ವರದಿಯಲ್ಲೇ ಇದೆ. ಅದನ್ನು ಹೇಳಿದರೆ ಯಾರಿಗೂ ರುಚಿಸುವುದಿಲ್ಲ. 70ರ ಪಕ್ಷದವರ ಕುಲದೇವತೆ ವರ್ಮಾಂಟಿನ ಐಡಾ ಮೇ ಫುಲ್ಲರ್. 1940ರ ಜನವರಿಯಲ್ಲಿ ಮೊಟ್ಟಮೊದಲ ತಿಂಗಳ ಚೆಕ್ಕು ಪಡೆದಾಕೆ, 22 ಡಾಲರ್ 54 ಸೆಂಟ್. ಕಟ್ಟಿದ್ದು ಒಟ್ಟು 24.75 ಡಾಲರ್. ನೂರು ವರ್ಷ ಬದುಕಿ 22,000ಕ್ಕೂ ಹೆಚ್ಚು ತಗೊಂಡು ಹೋದರು.

ಕನ್ನಡ ಸಂಘದ ಯುಗಾದಿ ಊಟದಲ್ಲೂ ಹೀಗೇ. ಒಂದು ಕಾಲದಲ್ಲಿ ಅದೇ ಮೇಜಿನ ಸುತ್ತ ಎಚ್-1ಬಿ, ಆಮೇಲೆ ಗ್ರೀನ್ ಕಾರ್ಡು, ಆಮೇಲೆ ಮಕ್ಕಳ ಕಾಲೇಜು. ಈಗ ಮೊಣಕಾಲು ಮತ್ತು ಇದು. ಹತ್ತು ವರ್ಷ ತುಂಬುವ ಮುಂಚೆ ಬೆಂಗಳೂರಿಗೆ ಮರಳಿದ ಗೆಳೆಯರ ನೆನಪೂ ಬರುತ್ತದೆ. ಎರಡು ದೇಶಗಳ ನಡುವೆ ಈ ಬಾಬತ್ತಿನಲ್ಲಿ ಒಪ್ಪಂದವಿಲ್ಲ, ಅವರು ಕಟ್ಟಿದ್ದೆಲ್ಲ ಗೋವಿಂದ. ಅದನ್ನು ಕೇಳುವವರೂ ಇಲ್ಲ, ದೊರಕಿಸಿಕೊಡುವವರೂ ಇಲ್ಲ.

ಜೂನ್ ಅಂದೆನಲ್ಲ, ಅದೂ ಮೇಷ್ಟ್ರು ಕೊಟ್ಟ ವರ. ನಾನು ಹುಟ್ಟಿದ್ದು ದೀಪಾವಳಿಯ ಆಸುಪಾಸು ಅಂತ ಅಮ್ಮ ಹೇಳುತ್ತಿದ್ದಳು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಅಪ್ಪನನ್ನು ಕೇಳಲೂ ಇಲ್ಲ, ಜೂನ್ 1 ಅಂತ ಬರೆದು ಮುಂದಿನ ಹುಡುಗನನ್ನು ಕರೆದರು. ನಮ್ಮ ಕ್ಲಾಸಿನಲ್ಲಿ ಬೆಂಚಿಗೆ ಬೆಂಚೇ ಜೂನ್ 1ರಂದು ಹುಟ್ಟಿತ್ತು. ಅದಕ್ಕೇ ಅಲ್ಲವೇ, ಪ್ರತಿ ವರ್ಷ ಮೇ 31ರಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲುಗಳ ಜಾತ್ರೆ ನಡೆಯುವುದು? ತಿಂಗಳ ಒಂದನೇ ತಾರೀಖು ಹುಟ್ಟಿದವರನ್ನು ಹಿಂದಿನ ತಿಂಗಳ ಕೊನೆಗೇ ಮನೆಗೆ ಕಳಿಸುತ್ತಾರೆ. ಇಲ್ಲೂ ಲೆಕ್ಕ ಹಾಗೇ ಇರುವುದು ಕಂಡು ನಗು ಬಂತು. ಹುಟ್ಟಿದ ದಿನದ ಮುನ್ನಾದಿನವೇ ವಯಸ್ಸು ತುಂಬಿತು ಅನ್ನುವುದು ಇವರ ಕಾನೂನು. 62ಕ್ಕೆ ಶುರುಮಾಡುವವರು ಇಡೀ ತಿಂಗಳು 62 ಆಗಿರಬೇಕು, ಹಾಗಾಗಿ 1 ಅಥವಾ 2ನೇ ತಾರೀಖಿನವರಿಗೆ ಮಾತ್ರ ಹುಟ್ಟಿದ ತಿಂಗಳಿಂದಲೇ ಸಿಗುತ್ತದೆ. 3ಕ್ಕೆ ಹುಟ್ಟಿದ್ದರೆ ಮುಂದಿನ ತಿಂಗಳು. ದೀಪಾವಳಿಯಿಂದ ಜೂನ್‌ಗೆ ನನ್ನನ್ನು ಎತ್ತಿ ಕೂರಿಸಿದ ಮೇಷ್ಟ್ರು, ಅಮೆರಿಕ ಸರ್ಕಾರದ ಬೊಕ್ಕಸಕ್ಕೂ ಕೈ ಹಾಕಿದ್ದಾರೆ ಅಂತಾಯಿತು.

ಅಜ್ಜಿಯ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ಮುಂದೊಂದು ಸಂಜೆ ನಾನೇ ಬೇಲಿಯ ಹತ್ತಿರ ಹೋಗಿ ಕೇಳಿದೆ, ನನ್ನ ತಂದೆಯನ್ನು ಬಿಟ್ಟು ಅತ್ತೆಯನ್ನು ಯಾಕೆ ವಿಚಾರಿಸಿದಿರಿ ಅಂತ.

"ನಿನ್ನ ಆಯಸ್ಸು ತಗೊಂಡು ಏನು ಮಾಡಲಿ? ನನ್ನ ಗಂಡ 62ಕ್ಕೆ ತಗೊಂಡ, ಮೀನು ಹಿಡಿಯೋಕೆ ದೋಣಿ ತಗೊಂಡ, ಚೆನ್ನಾಗಿದ್ದ, 71ಕ್ಕೆ ಹೋದ. ಅವನ ಲೆಕ್ಕ ಸರಿಯಾಗೇ ಇತ್ತು. ಆ 62ರ ಮೇಲೆ ನಾನು ಇನ್ನೂ ಬದುಕ್ತಾ ಇದ್ದೀನಿ" ಅಂದರು.

ಸಿಟ್ಟಿನಿಂದ ಹೇಳಿದ್ದಲ್ಲ. ದೋಣಿಯ ಫೋಟೋ ಅವರ ಮನೆಯ ಹಜಾರದಲ್ಲಿ ಈಗಲೂ ಇದೆ.

ಆಮೇಲೆ ನಿಯಮ ತೆಗೆದು ಓದಿದೆ. ಗಂಡ ಹೆಂಡತಿ ಇಬ್ಬರಿಗೂ ಬರುತ್ತಿದ್ದರೆ, ಒಬ್ಬರು ಹೋದಮೇಲೆ ಉಳಿಯುವುದು ಒಂದೇ ಚೆಕ್ಕು, ಎರಡರಲ್ಲಿ ದೊಡ್ಡದು. ಗಂಡ 70ರವರೆಗೆ ತಡೆದಿದ್ದರೆ ಆ ಹೆಚ್ಚಿದ ಮೊತ್ತ ಹೆಂಡತಿಗೂ ದಾಟುತ್ತದೆ. 62ಕ್ಕೆ ತಗೊಂಡಿದ್ದರೆ ಆಕೆಗೆ ಸಿಗುವುದು ಅವನ ಪೂರ್ತಿ ಮೊತ್ತದ ಹೆಚ್ಚೆಂದರೆ ಶೇ 82.5. ಸಾವಿರದ ಲೆಕ್ಕದಲ್ಲಿ 1,240ಕ್ಕೂ 825ಕ್ಕೂ ಇರುವ ಅಂತರವನ್ನು ವಿಧವೆಯೊಬ್ಬಳು ಇಪ್ಪತ್ತು ವರ್ಷ ಹೊರಬೇಕು. ಊಟದ ಮೇಜಿನ ಸುತ್ತ ಕೂತ ನಾವು ಗಂಡಸರು ಒಬ್ಬರೂ ಈ ಮಾತೆತ್ತಿರಲಿಲ್ಲ. ಎಲ್ಲರಿಗೂ ಅವರವರ ಅಪ್ಪನ ಹೃದಯದ್ದೇ ಚಿಂತೆ.

ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. 58 ತುಂಬಿತು, ಹಾರ ಹಾಕಿದರು, ಕೊನೆಯ ಸಂಬಳದ ಅರ್ಧ ಪಿಂಚಣಿ. ಈಗಲೋ ಆಮೇಲೋ ಅಂತ ಅಪ್ಪನನ್ನು ಯಾರೂ ಕೇಳಲಿಲ್ಲ. ಎಷ್ಟು ದಿನ ಬದುಕುತ್ತೀಯ ಅಂತ ಊಹಿಸುವ ಕೆಲಸ ಅವರಿಗೆ ಬರಲಿಲ್ಲ. ತುಟ್ಟಿಭತ್ಯೆ ಏರಿದಾಗಲೆಲ್ಲ ಜಗಲಿಯಲ್ಲಿ ಕೂತು ಪೇಪರಿನ ಅಂಚಿನಲ್ಲಿ ಕೂಡಿಸಿ ಕಳೆದು ನೋಡುತ್ತಿದ್ದರು. ಆ ನೆಮ್ಮದಿ ನನಗೆ ಈಗಲೂ ಹೊಟ್ಟೆಕಿಚ್ಚು ತರಿಸುತ್ತದೆ. ಆದರೆ ಆ ಪೇಪರಿನ ಅಂಚನ್ನು ಅಮ್ಮ ಯಾವತ್ತೂ ನೋಡಿರಲಿಲ್ಲ. ಅಪ್ಪ ಹೋದ ಮೇಲೆ ಪಿಂಚಣಿ ಪುಸ್ತಕ ಎಲ್ಲಿದೆ ಅಂತ ಟ್ರಂಕು, ಅಲಮಾರು, ದೇವರ ಮನೆ ಎಲ್ಲ ಜಾಲಾಡಿದೆವು. ಎಷ್ಟು ಬರುತ್ತಿತ್ತು ಅಂತ ಅವಳಿಗೆ ಗೊತ್ತಾದದ್ದು ಅವತ್ತು, ಅದೂ ಇನ್ನು ಮುಂದೆ ಅಷ್ಟು ಬರುವುದಿಲ್ಲ ಅಂತ ಬ್ಯಾಂಕಿನವರು ಹೇಳಿದಾಗ. ಕುಟುಂಬ ಪಿಂಚಣಿ ಅಂದರೆ ಸಂಬಳದ ಶೇ 30. ಆಮೇಲೆ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಅಂತ ತೋರಿಸಿ ಬರುವುದು. ಒಳ್ಳೆ ಸೀರೆ ಉಟ್ಟುಕೊಂಡು ಹೋಗುತ್ತಿದ್ದಳು.

ಅದೂ ಇಲ್ಲದವರು ಎಷ್ಟು ಮಂದಿ! ಅಪ್ಪನ ಅಕ್ಕ ಜೀವಮಾನವಿಡೀ ಕಂಡವರ ಗದ್ದೆಯಲ್ಲಿ ನಾಟಿ ಮಾಡಿದವಳು. ಅವಳ ದುಡಿಮೆ ಯಾವ ಖಾತೆಗೂ ಏರಲಿಲ್ಲ. ಅವಳಂಥವರಿಗೆ 65 ಆದಮೇಲೆ ಸಂಧ್ಯಾ ಸುರಕ್ಷಾ ಅಂತ ಈಗ ಬರುವುದು ತಿಂಗಳಿಗೆ 1,200 ರೂಪಾಯಿ. ನನ್ನ ಈ ಸೋದರತ್ತೆ ಅದನ್ನೂ ಕಾಣಲಿಲ್ಲ.

ನನ್ನವಳ ಖಾತೆಯೂ ತುಂಬಿದ್ದೇನಲ್ಲ. ನನ್ನ ಹಿಂದೆ ಹೆಂಡತಿಯ ಲೆಕ್ಕದ ಎಚ್-4 ವೀಸಾದಲ್ಲಿ ಬಂದವಳು, ಎಂ.ಎಸ್ಸಿ. ಮಾಡಿಯೂ ಮೊದಮೊದಲು ದುಡಿಯಲು ಅನುಮತಿ ಇರಲಿಲ್ಲ. ಇಲ್ಲಿಯವರು ಅತಿ ಹೆಚ್ಚು ಸಂಪಾದಿಸಿದ 35 ವರ್ಷ ಹಿಡಿದು ಸರಾಸರಿ ತೆಗೆಯುತ್ತಾರೆ, ದುಡಿಯದ ವರ್ಷಕ್ಕೆ ಸೊನ್ನೆ. ಮಕ್ಕಳನ್ನು ಬೆಳೆಸಿದ ವರ್ಷಗಳೆಲ್ಲ ಆ ಸೊನ್ನೆಗಳಲ್ಲೇ ಇವೆ. ಹೀಗಾಗಿ ನಾನು ಯಾವಾಗ ತಗೊಳ್ಳುತ್ತೇನೆ ಅನ್ನುವುದು ಹೆಚ್ಚಾಗಿ ಅವಳ ಪ್ರಶ್ನೆ. ಇದನ್ನು ಹೇಳಲು ಬಾಯಿ ಬರಲಿಲ್ಲ, ನಿಯಮದ ಹಾಳೆಯನ್ನೇ ಮುಂದಿಟ್ಟೆ.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ನಂದು ಸಣ್ಣ ಮೊತ್ತ, ಕೆಲಸ ಬಿಟ್ಟ ತಕ್ಷಣ ತಗೋತೀನಿ. ವರ್ಷಕ್ಕೊಂದು ಸಲ ಅಮ್ಮನ್ನ ನೋಡಿ ಬರೋಕೆ ಆಗುತ್ತೆ. ನಿಮ್ಮದು 70ಕ್ಕೆ."

"65ಕ್ಕೆ ಸರ್ಕಾರದ ಮೆಡಿಕೇರ್ ಆರೋಗ್ಯ ವಿಮೆ ಬಂದಮೇಲೆ ಕೆಲಸ ಬಿಡೋಣ ಅಂತಿದ್ದೆ. ಅಲ್ಲಿಂದ ಐದು ವರ್ಷ ಊಟಕ್ಕೆ?"

"401ಕೆ ಉಳಿತಾಯದ ದುಡ್ಡು ಇಲ್ವಾ? ಅದನ್ನ ಯಾರಿಗೆ ಇಟ್ಟಿದ್ದೀರಿ?"

ಅವತ್ತು ರಾತ್ರಿಯೇ ಸೋಷಿಯಲ್ ಸೆಕ್ಯುರಿಟಿ ಜಾಲತಾಣದಲ್ಲಿ ತನ್ನ ಹೆಸರಲ್ಲಿ ಖಾತೆ ತೆರೆದಳು. ಆಮೇಲೆ ನನ್ನದನ್ನೂ ತೆರೆಸಿ, ಯಾವ ವರ್ಷ ಎಷ್ಟು ಸಂಬಳ ಬಂದಿತ್ತು ಅಂತ ಮೇಲಿಂದ ಕೆಳಗೆ ನೋಡಿ, ನಡುವಿನ ಒಂದು ವರ್ಷದ ಮೇಲೆ ಬೆರಳಿಟ್ಟು ಕೇಳಿದಳು: "ಈ ವರ್ಷ ಇಷ್ಟು ಬಂದಿತ್ತಾ? ನನಗೆ ಹೇಳಿದ್ದು ಬೇರೆ."