ಶ್ರೀರಂಗಪಟ್ಟಣದ ಸೇತುವೆಯಿಂದ ಬೆಡ್‌ಫರ್ಡ್‌ಶೈರಿನ ಪಾದ್ರಿಮನೆಗೆ

ನಮ್ಮೂರು ಶ್ರೀರಂಗಪಟ್ಟಣದ ಪಕ್ಕ. ಕಾವೇರಿಯ ಮೇಲಿನ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಡಿಕೊಂಡೇ ಬೆಳೆದವನು ನಾನು. ದಿವಾನ್ ಪೂರ್ಣಯ್ಯನವರು ಕಟ್ಟಿಸಿ, 1804ರಲ್ಲಿ ಅಂದಿನ ಗವರ್ನರ್ ಜನರಲ್ ಹೆಸರಿಟ್ಟ ಸೇತುವೆ ಅದು. ಟಿಪ್ಪು ಸುಲ್ತಾನರ ಮೇಲೆ ಕೋಟೆ ಹತ್ತಿ ಬಂದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯ ಹೆಸರೇ ಅದು ಎಂದು ಬಹಳ ವರ್ಷ ತಿಳಿದಿದ್ದೆ. ಅಲ್ಲ, ಅದು ಅವನ ಅಣ್ಣ ರಿಚರ್ಡನ ಹೆಸರು. ಈ ಅಣ್ಣ ತಮ್ಮ ಯಾರು, ಇವರ ಮನೆ ಯಾವುದು ಎಂಬ ಕುತೂಹಲ ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ರೆಡಿಂಗ್ ಊರಿಗೆ ಕೆಲಸಕ್ಕೆ ಬಂದ ಮೇಲೆ. ಇಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸ್ಟ್ರಾಟ್‌ಫೀಲ್ಡ್ ಸೇ. ವಾಟರ್ಲೂ ಗೆದ್ದ ಆರ್ಥರನಿಗೆ, ಅಂದರೆ ವೆಲಿಂಗ್ಟನ್ ಡ್ಯೂಕನಿಗೆ, ದೇಶ ಕೊಟ್ಟ ಹಣದಲ್ಲಿ 1817ರಲ್ಲಿ ಕೊಂಡ ಬಂಗಲೆ ಮತ್ತು ಜಮೀನು. ಅವನ ಕುದುರೆ ಕೋಪನ್‌ಹೇಗನ್ನಿನ ಗೋರಿಯೂ ಅಲ್ಲೇ ಇದೆ.

ನಮ್ಮ ಕಡೆ ವಂಶವೃಕ್ಷ ಎಂದರೆ ನಾಡಕಚೇರಿಗೆ ಅರ್ಜಿ ಕೊಟ್ಟು ಪೌತಿ ಖಾತೆಗಾಗಿ ಮಾಡಿಸುವ ಕಾಗದ. ಜಮೀನು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಉತ್ತರ ಅದು. ಇಲ್ಲಿನ ಶ್ರೀಮಂತ ಮನೆತನಗಳ ವಂಶಾವಳಿಯೂ ಮೂಲದಲ್ಲಿ ಅದೇ. 1826ರಲ್ಲಿ ಜಾನ್ ಬರ್ಕ್ ಮೊದಲು ಅಚ್ಚು ಹಾಕಿಸಿದ ‘ಬರ್ಕ್ಸ್ ಪಿಯರೇಜ್’ ಎಂಬ ದಪ್ಪ ಪುಸ್ತಕ ತೆರೆದರೆ ಕಣ್ಣು ಮೊದಲು ಹೋಗುವುದು ಬಿರುದಿನ ಜಾಡಿಗೆ: ತಂದೆ, ಹಿರಿಯ ಮಗ, ಅವನ ಹಿರಿಯ ಮಗ. ಬಿರುದು, ಬಂಗಲೆ, ಭೂಮಿ, ಮೂರೂ ಹಿರಿಯವನಿಗೇ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. “ಅಲ್ಲ ಕಣ್ ಮಗಾ, ಮಿಕ್ಕ ಮಕ್ಳು ಎಲ್ಲಿಗೆ ಹೋಗ್ಬೇಕು ಮತ್ತೆ?” ಎಂದಳು.

ಸೈನ್ಯಕ್ಕೆ, ನೌಕಾಪಡೆಗೆ, ವಕೀಲಿಗೆ ಹೋಗುತ್ತಿದ್ದರು. ಬಹಳಷ್ಟು ಮಂದಿ ಚರ್ಚಿಗೆ. 1549ರಲ್ಲಿ ಪಾದ್ರಿಗಳ ಮದುವೆಗೆ ಮೊದಲ ಬಾರಿ ಕಾನೂನಿನ ಒಪ್ಪಿಗೆ ಸಿಕ್ಕಿತು. ನಡುವೆ ಮೇರಿ ರಾಣಿಯ ಕಾಲದಲ್ಲಿ ಅದು ರದ್ದಾದರೂ ಎಲಿಜಬೆತ್ ಕಾಲಕ್ಕೆ ಮತ್ತೆ ಬಂತು. ಪಾದ್ರಿಗಳಿಗೂ ಹೆಂಡತಿ ಮಕ್ಕಳು ಬಂದರು, ಪಾದ್ರಿ ಮನೆತನಗಳೇ ಬೆಳೆದವು. ಒಂದೊಂದು ಊರಿನ ಚರ್ಚಿಗೂ ಮನೆ, ಒಂದಿಷ್ಟು ಜಮೀನು, ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಸಲ್ಲುತ್ತಿತ್ತು. ಇದಕ್ಕೆ ನಮ್ಮಲ್ಲಿ ಉಂಬಳಿ ಎಂಬ ಮಾತು ಸರಿಯಾಗಿ ಒಪ್ಪುತ್ತದೆ. ಆ ಊರಿಗೆ ಪಾದ್ರಿ ಯಾರಾಗಬೇಕು ಎಂದು ಹೇಳುವ ಹಕ್ಕು ಎಷ್ಟೋ ಕಡೆ ಊರಿನ ದೊಡ್ಡ ಜಮೀನ್ದಾರನ ಕೈಯಲ್ಲಿತ್ತು. ಅದನ್ನು ಹೊಲ ಮಾರಿದಂತೆ ಮಾರಲೂಬಹುದಿತ್ತು. ಹಾಗಾಗಿ ಕಿರಿಮಗನಿಗೋ ಅಳಿಯನಿಗೋ ಉಂಬಳಿ ಸಿಗುತ್ತಿತ್ತು. ಹಳೆಯ ದಾಖಲೆಯಲ್ಲಿ ಒಂದು ಹೆಸರಿನ ಹಿಂದೆ ‘ಆನರಬಲ್ ಅಂಡ್ ರೆವರೆಂಡ್’ ಎಂದು ಒಟ್ಟಿಗೆ ಕಂಡರೆ, ಲಾರ್ಡ್ ಮನೆಯ ಮಗ ಪಾದ್ರಿಯಾಗಿದ್ದಾನೆ ಎಂದರ್ಥ.

ವೆಲ್ಲೆಸ್ಲಿ ಮನೆಯಲ್ಲಿ ಐವರು ಗಂಡುಮಕ್ಕಳು ಬದುಕಿ ಬಾಳಿದರು. ರಿಚರ್ಡ್, ವಿಲಿಯಂ, ಆರ್ಥರ್, ಜೆರಾಲ್ಡ್, ಹೆನ್ರಿ. ನಾಲ್ವರು ಸ್ವಂತವಾಗಿಯೋ ಪಿತ್ರಾರ್ಜಿತವಾಗಿಯೋ ಲಾರ್ಡ್ ಆದರು. ನಾಲ್ಕನೆಯವರಾದ ಜೆರಾಲ್ಡ್ ವ್ಯಾಲೇರಿಯನ್ ಒಬ್ಬರೇ ಪಾದ್ರಿ. 1806ರಲ್ಲಿ ಡಬ್ಲಿನ್ನಿನಲ್ಲಿ ಆರ್ಥರನಿಗೂ ಕಿಟ್ಟಿ ಪ್ಯಾಕನ್‌ಹ್ಯಾಮಳಿಗೂ ಮದುವೆ ಮಾಡಿಸಿದವರು ಇವರೇ. ಸ್ಟ್ರಾಟ್‌ಫೀಲ್ಡ್ ಸೇ ಊರಿನ ಪಾದ್ರಿಯ ಹೆಸರೂ ಜೆರಾಲ್ಡ್ ವ್ಯಾಲೇರಿಯನ್ ವೆಲ್ಲೆಸ್ಲಿ ಎಂದು ಕಂಡಾಗ ಡ್ಯೂಕ್ ತನ್ನ ತಮ್ಮನನ್ನೇ ಪಕ್ಕದಲ್ಲಿಟ್ಟುಕೊಂಡಿದ್ದ ಎಂದು ಬರೆದಿಟ್ಟುಕೊಂಡೆ. ಮೂರು ತಿಂಗಳು ಆ ತಪ್ಪಿನ ಮೇಲೆಯೇ ಲೆಕ್ಕ ಕಟ್ಟಿದೆ. ತಾರೀಖುಗಳು ಮಾತ್ರ ಹೊಂದಿಕೊಳ್ಳಲಿಲ್ಲ. ತಮ್ಮ ಜೆರಾಲ್ಡ್ 1848ರಲ್ಲಿ ತೀರಿಕೊಂಡಿದ್ದಾರೆ. ಸ್ಟ್ರಾಟ್‌ಫೀಲ್ಡ್ ಸೇ ಜೆರಾಲ್ಡ್ 1836ರಿಂದ 1854ರವರೆಗೆ ಅಲ್ಲಿದ್ದು, ಆಮೇಲೆ ವಿಂಡ್ಸರಿನ ಡೀನ್ ಆಗಿ, ವಿಕ್ಟೋರಿಯಾ ರಾಣಿಗೆ ಬಹಳ ಬೇಕಾದವರಾಗಿ 1882ರವರೆಗೆ ಬದುಕಿದ್ದಾರೆ. ಅವರು ಹೆನ್ರಿಯ ಮಗ. ಇಬ್ಬರೂ ಪಾದ್ರಿಗಳು, ಹೆಸರಿನ ಒಂದಕ್ಷರವೂ ಬೇರೆಯಲ್ಲ.

ಇಂಗ್ಲಿಷಿನವರು ಇವರಿಬ್ಬರನ್ನು ಅಂಕಲ್, ನೆಫ್ಯೂ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಮಾತಿನಲ್ಲಿ ಮಾತ್ರ ಇದರ ಪೂರ್ತಿ ಗಂಟು ಬಿಚ್ಚುತ್ತದೆ. ಜೆರಾಲ್ಡ್ 1802ರಲ್ಲಿ ಎಮಿಲಿ ಕಡಗನ್ ಎಂಬಾಕೆಯನ್ನು ಮದುವೆಯಾದರು, ಮರುವರ್ಷ ಅವರ ತಮ್ಮ ಹೆನ್ರಿ ಎಮಿಲಿಯ ತಂಗಿ ಶಾರ್ಲೆಟ್‌ಳನ್ನು. ಅಂದರೆ ಹಿರಿಯ ಜೆರಾಲ್ಡ್ ಕಿರಿಯ ಜೆರಾಲ್ಡನಿಗೆ ಅಪ್ಪನ ಅಣ್ಣನಾಗಿಯೂ ದೊಡ್ಡಪ್ಪ, ದೊಡ್ಡಮ್ಮನ ಗಂಡನಾಗಿಯೂ ದೊಡ್ಡಪ್ಪ. ಅಮ್ಮ ಅರ್ಧ ಕೇಳುವಷ್ಟರಲ್ಲೇ “ಓ, ಅಣ್ಣ ತಮ್ಮ ಅಕ್ಕ ತಂಗೀರ್ನ ತಂದ್ಕೊಂಡವ್ರೆ ಅನ್ನು” ಎಂದಳು. ನನಗೆ ಮೂರು ತಿಂಗಳು ಹಿಡಿದದ್ದು ಅವಳಿಗೆ ಒಂದು ನಿಮಿಷದ ಕೆಲಸ.

ಈ ಕಡಗನ್ ಮನೆಯವರ ಕೈಯಲ್ಲಿ ಲಂಡನ್ನಿನ ಚೆಲ್ಸಿಯ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕಿತ್ತು. ಆ ಉಂಬಳಿ ಮೊದಲು ಮಗ ವಿಲಿಯಂ ಬ್ರಾಮ್ಲಿ ಕಡಗನ್‌ಗೆ ಸಿಕ್ಕಿತು, 1805ರಲ್ಲಿ ಅಳಿಯ ಜೆರಾಲ್ಡಿಗೆ. ಆ ಮಗ ಎಮಿಲಿಗೆ ಬೇರೆ ತಾಯಿಯ ಅಣ್ಣ. ಚೆಲ್ಸಿಯ ಜೊತೆಗೆ ನಮ್ಮ ರೆಡಿಂಗಿನ ಸೇಂಟ್ ಜೈಲ್ಸ್ ಚರ್ಚಿಗೂ ಅವರೇ ಪಾದ್ರಿಯಾಗಿದ್ದು, 1797ರಲ್ಲಿ ತೀರಿಕೊಂಡರು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ ದಾಟುವ ಚರ್ಚು ಅದು. ಅಂದು ಸಂಜೆ ಬಸ್ಸಿಳಿದು ಬಾಗಿಲ ಮುಂದೆ ಸುಮ್ಮನೆ ಸ್ವಲ್ಪ ಹೊತ್ತು ನಿಂತೆ.

ಅಕ್ಕತಂಗಿಯರಿಬ್ಬರ ಸಂಸಾರವೂ ಒಡೆಯಿತು. 1809ರಲ್ಲಿ ಶಾರ್ಲೆಟ್ ಗಂಡನನ್ನು ಬಿಟ್ಟು ಲಾರ್ಡ್ ಪ್ಯಾಜೆಟ್ ಜೊತೆ ಹೋದಳು. ಆಗ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಲ್ಲಿ ಒಂದು ಕಾಯ್ದೆಯನ್ನೇ ಮಾಡಿಸಬೇಕಿತ್ತು. ಹೆನ್ರಿ ಮಾಡಿಸಿದ. ವಾಟರ್ಲೂ ರಣರಂಗದಲ್ಲಿ ಆರ್ಥರನ ಅಶ್ವದಳವನ್ನು ನಡೆಸಿ ಒಂದು ಕಾಲು ಕಳೆದುಕೊಂಡವನು ಇದೇ ಪ್ಯಾಜೆಟ್. ಪಾದ್ರಿ ಜೆರಾಲ್ಡ್ ಮಾತ್ರ ಎಮಿಲಿಯಿಂದ ದೂರವಾದರೂ ವಿಚ್ಛೇದನ ಪಡೆಯಲಿಲ್ಲ. 1820ರ ದಶಕದಲ್ಲಿ ತಮ್ಮನನ್ನು ಬಿಷಪ್ ಮಾಡಿ ಎಂದು ಡ್ಯೂಕ್ ಕೇಳಿಕೊಂಡಾಗ ಪ್ರಧಾನಿ ಲಾರ್ಡ್ ಲಿವರ್‌ಪೂಲ್ ಒಪ್ಪದಿದ್ದುದಕ್ಕೆ ಕಾರಣ ಆ ಮುರಿದ ಸಂಸಾರವೇ. ನೆಪೋಲಿಯನ್ನನ್ನು ಸೋಲಿಸಿದವನ ಮಾತೂ ಅಲ್ಲಿ ನಡೆಯಲಿಲ್ಲ.

ಇನ್ನು ನಮ್ಮ ಸೇತುವೆಯ ರಿಚರ್ಡ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನಿಗೆ ಮಾರ್ಕ್ವೆಸ್ ಬಿರುದು ಬಂತು, ಆದರೆ ಇಂಗ್ಲೆಂಡಿನದಕ್ಕಿಂತ ಮರ್ಯಾದೆ ಕಡಿಮೆಯ ಐರ್ಲೆಂಡಿನ ಪಟ್ಟಿಯಲ್ಲಿ. ಇದು ಎರಡು ಸಲ ಚಿನ್ನದ ಮುಲಾಮು ಹಾಕಿದ ಆಲೂಗಡ್ಡೆ ಎಂದು ಅವನು ಕುದಿದು ಹೋದ. ಆ ಬಿರುದೂ 1842ರಲ್ಲಿ ಅವನ ಜೊತೆಗೇ ಅಳಿಯಿತು. ಮಕ್ಕಳಿರಲಿಲ್ಲವೆಂದಲ್ಲ. ಹಯಸಿಂತ್ ಗೇಬ್ರಿಯೆಲ್ ರೋಲಂಡ್ ಎಂಬ ಫ್ರೆಂಚ್ ಹೆಂಗಸಿನಲ್ಲಿ ಅವನಿಗೆ ಐವರು ಮಕ್ಕಳು. ಅವಳನ್ನು ಮದುವೆಯಾದದ್ದು ಮಕ್ಕಳೆಲ್ಲ ಹುಟ್ಟಿದ ಮೇಲೆ, 1794ರಲ್ಲಿ. ಅಪ್ಪ ಅಮ್ಮ ಆಮೇಲೆ ಮದುವೆಯಾದರೆ ಮಕ್ಕಳು ಸಕ್ರಮ ಎಂದು ಇಂಗ್ಲೆಂಡಿನ ಕಾನೂನು ಒಪ್ಪಿದ್ದು 1926ರಲ್ಲಿ. ಹಾಗಾಗಿ ಬಿರುದಿನ ಜಾಡಿನಲ್ಲಿ ಆ ಮಕ್ಕಳಿಗೆ ಜಾಗವೇ ಇಲ್ಲ. ರಿಚರ್ಡ್ ಇಂಡಿಯಾದಲ್ಲಿ ಕುಳಿತು ಮೈಸೂರಿನ ಗಡಿ ಎಳೆಯುತ್ತಿದ್ದ ಆ ವರ್ಷಗಳಲ್ಲಿ ಹಯಸಿಂತ್ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನಲ್ಲೇ ಇದ್ದಳು.

ಬಿರುದಿನ ಜಾಡು ಮುಗಿದಲ್ಲಿ ಊರ ಚರ್ಚಿನ ಪುಸ್ತಕಗಳು ಕೈಹಿಡಿಯುತ್ತವೆ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಪ್ರತಿ ಊರಿನ ಪಾದ್ರಿಯೂ ನಾಮಕರಣ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆದಿಡಬೇಕೆಂದು ಆಜ್ಞೆ ಮಾಡಿದ. ಲಾರ್ಡನ ಮಗುವೂ ಕೂಲಿಯವನ ಮಗುವೂ ಒಂದೇ ಪುಟದಲ್ಲಿ ಮೇಲೆ ಕೆಳಗೆ. ಈಗ ಬಹುಪಾಲು ಪುಸ್ತಕಗಳು ಆಯಾ ಜಿಲ್ಲೆಯ ಪತ್ರಾಗಾರದಲ್ಲಿವೆ. ನಮ್ಮ ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಬಾಯಲ್ಲಿ ಹೇಳುವುದನ್ನು ಇವರು ಕೂತಲ್ಲೇ ಕೂತು ಬರೆದಿಟ್ಟಿದ್ದಾರೆ. ನನಗೆ ಇವರಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಮೂಡಿಸಿದ್ದು ಈ ಅಭ್ಯಾಸ.

ರಿಚರ್ಡ್ ಮತ್ತು ಹಯಸಿಂತ್ ಮಗಳು ಆ್ಯನ್. ಮೊದಲ ಗಂಡನನ್ನು ಬಿಟ್ಟು 1815ರಲ್ಲಿ ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಜೊತೆ ಹೋಗಿ, ಮರುವರ್ಷ ಅವನನ್ನು ಮದುವೆಯಾದಳು. ಬೆಂಟಿಂಕ್ ಹೆಸರು ಓದಿದಾಗ ನನ್ನ ಕೈ ನಿಂತುಹೋಯಿತು. ಹೌದು, ಅದೇ ಮನೆ. ಈ ಚಾರ್ಲ್ಸನ ಒಡಹುಟ್ಟಿದ ಅಣ್ಣನೇ ಲಾರ್ಡ್ ವಿಲಿಯಂ ಬೆಂಟಿಂಕ್. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದ್ದು ರಿಚರ್ಡ್ ವೆಲ್ಲೆಸ್ಲಿಯ ತೀರ್ಮಾನ. 1831ರಲ್ಲಿ ಅದೇ ದೊರೆಯ ಕೈಯಿಂದ ಆಡಳಿತ ಕಿತ್ತುಕೊಂಡದ್ದು ವಿಲಿಯಂ ಬೆಂಟಿಂಕನ ತೀರ್ಮಾನ. ಕೊಟ್ಟವನ ಮಗಳು ಕಿತ್ತುಕೊಂಡವನ ತಮ್ಮನ ಹೆಂಡತಿ. ಶಾಲೆಯಲ್ಲಿ ಈ ಎರಡು ಇಸವಿಗಳನ್ನೂ ಬಾಯಿಪಾಠ ಮಾಡಿದ್ದೇನೆ. ಅವುಗಳ ನಡುವೆ ಒಂದು ಬೀಗತನ ಇದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ್ಯನ್ ಮತ್ತು ಚಾರ್ಲ್ಸರ ಹಿರಿಯ ಮಗನ ಹೆಸರೂ ಚಾರ್ಲ್ಸ್. ಒಬ್ಬ ಗವರ್ನರ್ ಜನರಲ್‌ನ ಮೊಮ್ಮಗ, ಇನ್ನೊಬ್ಬನ ತಮ್ಮನ ಮಗ. ಬೆಡ್‌ಫರ್ಡ್‌ಶೈರಿನ ಹಸ್ಬೋರ್ನ್ ಕ್ರಾಲಿ, ರಿಜ್‌ಮಂಟ್ ಎಂಬ ಹಳ್ಳಿಗಳ ಪಾದ್ರಿಯಾಗಿ ಅವರು ಬದುಕು ಕಳೆದರು. 1839ರಲ್ಲಿ, ಆಕ್ಸ್‌ಫರ್ಡಿನ ದಿನಗಳಲ್ಲಿ, ಸಿನೆಟಾ ಲ್ಯಾಂಬೋರ್ನ್ ಎಂಬ ಹುಡುಗಿಯನ್ನು ಮದುವೆಯಾದರು. ಕುದುರೆ ವ್ಯಾಪಾರದ ರೋಮಾನಿ ಜನ, ಅಂದರೆ ಜಿಪ್ಸಿಗಳು ಎಂದು ಕರೆಸಿಕೊಳ್ಳುವ ಅಲೆಮಾರಿಗಳ ಪೈಕಿ ಅವಳು. ಅಪ್ಪನ ಕಡೆಯಿಂದ ಪೋರ್ಟ್‌ಲ್ಯಾಂಡಿನ ಡ್ಯೂಕನ ಮೊಮ್ಮಗನಾದವನ ಈ ಮದುವೆಗೆ ಆ ಕಾಲ ಏನೆಂದಿರಬಹುದು ಎಂದು ಊಹಿಸಿಕೊಳ್ಳಿ. ಆದರೂ ಅವರು ಅವಳ ಜೊತೆ ಬಾಳಿದರು. 1850ರಲ್ಲಿ ಸಿನೆಟಾ ತೀರಿಕೊಂಡಳು. ಆ ಮದುವೆಯ ಮಕ್ಕಳೂ ಉಳಿಯಲಿಲ್ಲ. ಒಂದು ಗಂಡು ಉಳಿದಿದ್ದರೂ ಮುಂದೆ ಪೋರ್ಟ್‌ಲ್ಯಾಂಡಿನ ಡ್ಯೂಕ್ ಪದವಿ ಆ ಜಿಪ್ಸಿ ತಾಯಿಯ ಮಗನಿಗೆ ಬರುತ್ತಿತ್ತು.

1859ರಲ್ಲಿ ಅವರು ಕ್ಯಾರೊಲಿನ್ ಬರ್ನಬಿ ಎಂಬಾಕೆಯನ್ನು ಮತ್ತೆ ಮದುವೆಯಾದರು. ಮೂವರು ಹೆಣ್ಣುಮಕ್ಕಳು. 1862ರಲ್ಲಿ ಹುಟ್ಟಿದ ದೊಡ್ಡವಳು ಸಿಸಿಲಿಯಾ, ಆಮೇಲೆ ಒಂದು ಅವಳಿ. 1865ರಲ್ಲಿ ಪಾದ್ರಿ ತೀರಿಕೊಂಡಾಗ ದೊಡ್ಡವಳಿಗೂ ಮೂರು ವರ್ಷ ತುಂಬಿರಲಿಲ್ಲ. ಗಂಡುಮಕ್ಕಳಿಲ್ಲದ್ದರಿಂದ 1879ರಲ್ಲಿ ಡ್ಯೂಕ್ ಪದವಿ ಅವರ ತಮ್ಮನ ಮಗನ ಪಾಲಾಯಿತು. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಯನ್ ದೊರೆ ಆರನೇ ಜಾರ್ಜ್ ಅವರ ರಾಣಿಯಾದರು. ಅವರ ಮಗಳು ಎರಡನೇ ಎಲಿಜಬೆತ್. ಈಗಿನ ದೊರೆ ಮೂರನೇ ಚಾರ್ಲ್ಸ್, ಆ್ಯನ್‌ಳಿಂದ ಎಣಿಸಿದರೆ ಆರನೆಯ ತಲೆಮಾರು. ಕಾನೂನು ಹೊರಗಿಟ್ಟ ಮಗಳೊಬ್ಬಳು, ಹಳ್ಳಿಯ ಪಾದ್ರಿಯೊಬ್ಬ, ಪದವಿ ತಪ್ಪಿದ ಹೆಣ್ಣುಮಗುವೊಂದು. ಶ್ರೀರಂಗಪಟ್ಟಣದ ಸೇತುವೆಯ ಹೆಸರಿನವನ ರಕ್ತ ಅರಮನೆಗೆ ಹೋದದ್ದು ಈ ದಾರಿಯಲ್ಲಿ.

ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರು ಹಯಸಿಂತ್ ಸಿನೆಟಾ. ಮೊದಲನೆಯದು ಮುತ್ತಜ್ಜಿಯ ಹೆಸರು, ಆ ಫ್ರೆಂಚ್ ಹೆಂಗಸಿನದು. ಎರಡನೆಯದು ಹದಿನಾಲ್ಕು ವರ್ಷಗಳ ಹಿಂದೆ ತೀರಿಹೋಗಿದ್ದ ಮೊದಲ ಹೆಂಡತಿಯದು. ಇದನ್ನು ಕಂಡ ರಾತ್ರಿ, ಅಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತೆಂದು ಗೊತ್ತಿದ್ದೂ ಮನೆಗೆ ಫೋನ್ ಮಾಡಿದೆ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಮಾತಿಲ್ಲ.

“ಸತ್ತೋದ ಸವತಿ ಹೆಸ್ರ ತನ್ನ ಮಗೀಗೆ ಇಡಕ್ಕೆ ಒಪ್ಪುದ್ಲಾ ಆವಮ್ಮ?”

“ಒಪ್ಪವ್ಳೆ ಕಣಮ್ಮ.”