ಬಾರ್ಬಡೋಸ್‌ಗೆ ಹೋಗುವವರಿಗೆ: ದ್ವೀಪವನ್ನು 11 ಭಾಗ ಮಾಡಬೇಡಿ, ನಾಲ್ಕೇ ಸಾಕು

ಕೆರಿಬಿಯನ್ ದ್ವೀಪ ದೇಶ ಬಾರ್ಬಡೋಸ್ ಬಗ್ಗೆ ಓದಲು ಕೂತರೆ ಮೊದಲು ತಲೆಕೆಡುವುದು ದ್ವೀಪದ ಭಾಗಗಳ ವಿಷಯದಲ್ಲಿ. ಒಂದು ಗೈಡ್ ಪ್ಯಾರಿಷ್ ಅನ್ನುವ 11 ವಿಭಾಗಗಳಿಗೆ 11 ಅಧ್ಯಾಯ ಕೊಡುತ್ತದೆ. ಇನ್ನೊಂದು ಪಶ್ಚಿಮ ಕರಾವಳಿ, ದಕ್ಷಿಣ ಕರಾವಳಿ ಅನ್ನುತ್ತದೆ. ಮತ್ತೊಂದು ಭಾಗವನ್ನೇ ಮಾಡದೆ ಎಲ್ಲ ಜಾಗಗಳನ್ನೂ ಒಂದೇ ಪಟ್ಟಿಯಲ್ಲಿ ಸುರಿಯುತ್ತದೆ. ಇದು ಬರೀ ಪುಸ್ತಕ ಬರೆಯುವವರ ತಲೆನೋವು ಅಲ್ಲ. ನೀವು ರೂಮ್ ಎಲ್ಲಿ ಬುಕ್ ಮಾಡುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಬಸ್ಸಲ್ಲಿ ಕಳೆಯುತ್ತೀರಿ, ಮಕ್ಕಳನ್ನು ಯಾವ ನೀರಿಗೆ ಇಳಿಸುತ್ತೀರಿ ಎಲ್ಲವೂ ಇದರ ಮೇಲೇ ನಿಂತಿದೆ. ನಾವು ಅಲ್ಲಿ ಹೆಚ್ಚಾಗಿ ಬಸ್ಸಲ್ಲೂ ಸ್ವಲ್ಪ ಬಾಡಿಗೆ ಕಾರಲ್ಲೂ ಓಡಾಡಿದೆವು. ಅದರ ಮೇಲೆ ನನಗೆ ಸರಿ ಅನ್ನಿಸಿದ ಭಾಗ ಯಾವುದು ಅಂತ ಹೇಳುತ್ತೇನೆ.

ದ್ವೀಪ 34 ಕಿ.ಮೀ. ಉದ್ದ, 23 ಕಿ.ಮೀ. ಅಗಲ. ಒಟ್ಟು 430 ಚದರ ಕಿ.ಮೀ., ಅಂದರೆ ಬೆಂಗಳೂರು ನಗರಕ್ಕಿಂತ ಚಿಕ್ಕದು. ಕಾರು ಇದ್ದರೆ ಒಂದೇ ದಿನದಲ್ಲಿ ಸುತ್ತಿ ಬರಬಹುದು. ಆದರೆ ಎಲ್ಲೂ ಇಳಿದು ನಿಲ್ಲಲು ಹೊತ್ತು ಸಿಗುವುದಿಲ್ಲ. ಒಳಗಿನ ರಸ್ತೆಗಳು ಕಿರಿದು, ತಿರುವು ಜಾಸ್ತಿ, ಎರಡೂ ಕಡೆ ಕಬ್ಬು ಎದ್ದು ನಿಂತಿದ್ದರೆ ಮುಂದಿನ ತಿರುವೇ ಕಾಣುವುದಿಲ್ಲ. ಹಾಗಾಗಿ ಭಾಗ ಮಾಡಲೇಬೇಕು. ಹೇಗೆ ಅನ್ನುವುದೇ ಪ್ರಶ್ನೆ.

ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ. ಇಂಗ್ಲಿಷರು ಬಂದು ನೆಲೆಸಿದ್ದು 1627ರಲ್ಲಿ. 1629ರಲ್ಲಿ ಆರು ಪ್ಯಾರಿಷ್ ಮಾಡಿದರು, 1645ರ ಹೊತ್ತಿಗೆ ಅದು 11 ಆಯಿತು. ಈಗ ಅವಕ್ಕೆ ಸ್ವಂತ ಆಡಳಿತ ಇಲ್ಲ, ಆದರೂ ಜನ ಊರು ಹೇಳುವಾಗ ಪ್ಯಾರಿಷ್ ಸೇರಿಸಿಯೇ ಹೇಳುತ್ತಾರೆ. ಆದ್ದರಿಂದ ಹೆಸರುಗಳು ಗೊತ್ತಿರಲಿ. ಟ್ಯಾಕ್ಸಿಯವರಿಗೆ ವಿಳಾಸ ಹೇಳುವಾಗ ಪ್ಯಾರಿಷ್ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆದರೆ ತಿರುಗಾಟದ ಲೆಕ್ಕಕ್ಕೆ ಇದು ಸರಿಹೋಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಹ್ಯಾರಿಸನ್ಸ್ ಕೇವ್ ಗುಹೆ, ಅದರ ಹತ್ತಿರದ ವೆಲ್ಚ್‌ಮನ್ ಹಾಲ್ ಗಲ್ಲಿ ಅನ್ನುವ ಕಾಡು ತುಂಬಿದ ಕಮರಿ, ಎರಡೂ ಸೇಂಟ್ ಥಾಮಸ್ ಪ್ಯಾರಿಷ್‌ನಲ್ಲಿವೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹಂಟ್ಸ್ ಗಾರ್ಡನ್ಸ್ ಇದೆ, ಅದು ಸೇಂಟ್ ಜೋಸೆಫ್‌ಗೆ ಸೇರುತ್ತದೆ. ಪ್ಯಾರಿಷ್ ಪ್ರಕಾರ ಬರೆದ ಗೈಡಲ್ಲಿ ಇವು ಬೇರೆ ಬೇರೆ ಅಧ್ಯಾಯಕ್ಕೆ ಹೋಗುತ್ತವೆ. ಓದುವವರು ಬೇರೆ ಬೇರೆ ದಿನ ಇಟ್ಟುಕೊಳ್ಳುತ್ತಾರೆ. ಮೂರನ್ನೂ ಒಂದೇ ದಿನ ಆರಾಮಾಗಿ ನೋಡಬಹುದು. ಇದರ ಉಲ್ಟಾ ಸೇಂಟ್ ಪೀಟರ್. ಅದು ದ್ವೀಪದ ಈ ಕಡೆಯಿಂದ ಆ ಕಡೆವರೆಗೆ ಚಾಚಿಕೊಂಡಿದೆ. ಶಾಂತ ನೀರಿನ ಸ್ಪೈಟ್ಸ್‌ಟೌನೂ ಅದರಲ್ಲೇ, ಅಟ್ಲಾಂಟಿಕ್ ಕಡೆಯ ದಂಡೆಯೂ ಅದರಲ್ಲೇ. ಒಂದೇ ಅಧ್ಯಾಯದಲ್ಲಿ ಎರಡು ಬೇರೆ ಸಮುದ್ರ!

ನನ್ನ ಪ್ರಕಾರ ಎರಡು ವಿಷಯ ನೋಡಿ ಭಾಗ ಮಾಡಬೇಕು. ಒಂದು, ಸಮುದ್ರ ಎಂಥದ್ದು. ಇನ್ನೊಂದು, ರಾಜಧಾನಿ ಬ್ರಿಜ್‌ಟೌನ್‌ನಿಂದ ಹೊರಡುವ ಯಾವ ರಸ್ತೆ ಅಲ್ಲಿಗೆ ಹೋಗುತ್ತದೆ ಅನ್ನುವುದು. ದೊಡ್ಡ ಹೆದ್ದಾರಿಗಳಿಗೆ 1ರಿಂದ 7ರವರೆಗೆ ನಂಬರ್ ಇದೆ, ರಾಜಧಾನಿಯಿಂದ ಅವು ಹರಡಿಕೊಂಡು ಹೋಗುತ್ತವೆ. ಹೈವೇ 1 ಪಶ್ಚಿಮ ದಂಡೆ ಹಿಡಿಯುತ್ತದೆ, ಹೈವೇ 7 ದಕ್ಷಿಣ ದಂಡೆ ಹಿಡಿಯುತ್ತದೆ. ಹೆಚ್ಚಿನ ಬಸ್ಸುಗಳೂ ಬ್ರಿಜ್‌ಟೌನ್‌ನಿಂದಲೇ ಹೊರಡುತ್ತವೆ. ಬಸ್ ಸ್ಟಾಪ್ ಬೋರ್ಡಿನಲ್ಲಿ ಊರಿನ ಹೆಸರು ಇರುವುದಿಲ್ಲ, 'ಟು ಸಿಟಿ' ಅಥವಾ 'ಔಟ್ ಆಫ್ ಸಿಟಿ' ಅಂತ ಮಾತ್ರ ಇರುತ್ತದೆ. ಈ ದ್ವೀಪ ತನ್ನನ್ನು ತಾನೇ ಹೇಗೆ ಭಾಗ ಮಾಡಿಕೊಂಡಿದೆ ಅಂತ ಆ ಬೋರ್ಡ್ ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಮೊದಲ ಭಾಗ ದಕ್ಷಿಣ ಕರಾವಳಿ. ಬ್ರಿಜ್‌ಟೌನ್‌ನ ಕಾರ್ಲೈಲ್ ಬೇಯಿಂದ ಹೇಸ್ಟಿಂಗ್ಸ್, ವರ್ದಿಂಗ್, ಸೇಂಟ್ ಲಾರೆನ್ಸ್ ಗ್ಯಾಪ್ ದಾಟಿ ಓಯ್ಸ್‌ಟಿನ್ಸ್‌ವರೆಗೆ. ಉಳಿದುಕೊಳ್ಳುವುದು ಇಲ್ಲೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪಶ್ಚಿಮಕ್ಕಿಂತ ಬಾಡಿಗೆ ಕಡಿಮೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳು ಸಿಗುತ್ತವೆ, ಸೂಪರ್ ಮಾರ್ಕೆಟ್ ನಡೆದು ಹೋಗುವಷ್ಟು ಹತ್ತಿರ ಇರುತ್ತದೆ. ವಾಹನಕ್ಕೆ ಜಾಸ್ತಿ ಕಾಯಬೇಕಾಗಿಲ್ಲ. ಸರ್ಕಾರಿ ಬಸ್ಸು ನೀಲಿ ಬಣ್ಣದ್ದು, ಖಾಸಗಿ ಮಿನಿಬಸ್ ಹಳದಿ, ಇನ್ನು ಬಿಳಿ ಬಣ್ಣದ ವ್ಯಾನುಗಳಿಗೆ ನಂಬರ್ ಪ್ಲೇಟ್ ನೋಡಿ ಝೆಡ್‌ಆರ್ ಅನ್ನುತ್ತಾರೆ. ಝೆಡ್‌ಆರ್‌ನಲ್ಲಿ ಹಾಡು ಜೋರು, ಒತ್ತಿಕೊಂಡು ಕೂರಬೇಕು, ಆದರೆ ಬೇಗ ಬರುತ್ತವೆ. ನಾವು ಹೋದಾಗ ಎಲ್ಲದಕ್ಕೂ ಎಷ್ಟೇ ದೂರ ಹೋದರೂ ಮೂರೂವರೆ ಬಾರ್ಬಡೋಸ್ ಡಾಲರ್. ಸರ್ಕಾರಿ ಬಸ್ಸಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ದುಡ್ಡು ಇಟ್ಟುಕೊಳ್ಳಿ. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, ಇದು ನಿಗದಿಯಾದ ದರ. ಎರಡೂ ನಡೆಯುವುದರಿಂದ ಬೆಲೆ ಕೇಳುವಾಗ ಯಾವ ಡಾಲರ್ ಅಂತ ಕೇಳಿಬಿಡಿ.

ಬ್ರಿಜ್‌ಟೌನ್ ಅನ್ನೂ ಈ ಭಾಗಕ್ಕೇ ಸೇರಿಸಿಕೊಳ್ಳಿ. ಹಳೆಯ ಪೇಟೆ ಮತ್ತು ಬ್ರಿಟಿಷ್ ಸೇನೆಯ ನೆಲೆಯಾಗಿದ್ದ ಗ್ಯಾರಿಸನ್ ಸೇರಿ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದಿವೆ. ಜಾರ್ಜ್ ವಾಷಿಂಗ್ಟನ್ 19ರ ಹುಡುಗನಾಗಿದ್ದಾಗ, 1751ರಲ್ಲಿ, ಉಳಿದುಕೊಂಡಿದ್ದ ಮನೆಯೂ ಗ್ಯಾರಿಸನ್‌ನಲ್ಲೇ ಇದೆ. ಪೇಟೆಯ ಇನ್ನೊಂದು ಬದಿಗೆ ಕೆನ್ಸಿಂಗ್ಟನ್ ಓವಲ್. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದ ಮೈದಾನ ಇದು. ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿ ಕೂಗಿದ್ದು ಇಲ್ಲೇ. ಹೊರಗೆ ಗ್ಯಾರಿ ಸೋಬರ್ಸ್ ಅವರ ಪ್ರತಿಮೆ ಇದೆ. ಅದರ ಮುಂದೆ ನಿಂತು ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ವೆಸ್ಟ್ ಇಂಡೀಸ್‌ನ ಹಳೆಯ ಬ್ಯಾಟ್ಸ್‌ಮನ್‌ಗಳಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಇದೇ ಸುತ್ತಮುತ್ತ ಹುಟ್ಟಿ ಬೆಳೆದವರು. ಕ್ರಿಕೆಟ್ ಹುಚ್ಚು ಇರುವವರು ಇಲ್ಲಿಗೆ ಅರ್ಧ ದಿನ ಬೇರೆಯಾಗಿಯೇ ಇಡಿ.

ಎರಡನೆಯದು ಪಶ್ಚಿಮ ಕರಾವಳಿ, ಹೋಲ್‌ಟೌನ್‌ನಿಂದ ಸ್ಪೈಟ್ಸ್‌ಟೌನ್‌ವರೆಗೆ. ಇದು ಕೆರಿಬಿಯನ್ ಸಮುದ್ರ, ಹೆಚ್ಚಿನ ದಿನ ನೀರು ಶಾಂತ. ಮಕ್ಕಳು, ವಯಸ್ಸಾದವರು ನೀರಿಗೆ ಇಳಿಯುವುದಾದರೆ ಇಲ್ಲೇ ಇಳಿಯಲಿ. ಹೋಟೆಲುಗಳು ಮಾತ್ರ ತುಂಬಾ ದುಬಾರಿ. ಆದರೆ ದ್ವೀಪದ ಬೀಚುಗಳೆಲ್ಲ ಸಾರ್ವಜನಿಕ. ದೊಡ್ಡ ಹೋಟೆಲಿನ ಮುಂದಿನ ಮರಳಲ್ಲೂ ನೀವು ಧೈರ್ಯವಾಗಿ ಕೂರಬಹುದು, ಅಲ್ಲಲ್ಲಿ ಕಿರುದಾರಿಗಳಿವೆ. ಬೀಚಿನ ಅಂಚಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ. ಚಿಕ್ಕ ಹಸಿರು ಸೇಬಿನಂಥ ಕಾಯಿ, ಪೂರಾ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಹಾಲು ತೊಟ್ಟಿಕ್ಕಿ ಚರ್ಮ ಬೊಕ್ಕೆ ಏಳುತ್ತದೆ. ಎಷ್ಟೋ ಮರಗಳಿಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಡಿ.

ಮೂರನೆಯದಾದ ಪೂರ್ವ ಕರಾವಳಿಗೆ ನನ್ನ ಲೆಕ್ಕದಲ್ಲಿ ಒಂದು ಪೂರ್ತಿ ದಿನ ಬೇಕು. ಎಷ್ಟೋ ಜನ ಇದನ್ನು ದ್ವೀಪ ಸುತ್ತುವ ಟೂರಿನ ಅರ್ಧ ಗಂಟೆಯ ಸ್ಟಾಪ್ ಮಾಡಿಬಿಡುತ್ತಾರೆ. ಅದು ನನಗೆ ಬೇಸರದ ವಿಷಯ. ಬಾರ್ಬಡೋಸ್‌ನ ಹೆಚ್ಚಿನ ಭಾಗ, ಸುಮಾರು ಶೇ. 85ರಷ್ಟು, ಹವಳದ ಸುಣ್ಣಕಲ್ಲು. ಈಶಾನ್ಯದಲ್ಲಿ ಮಾತ್ರ ಆ ಹೊದಿಕೆ ಸವೆದು ಹೋಗಿ ಒಳಗಿನ ಜೇಡಿ, ಮರಳುಗಲ್ಲು ಹೊರಗೆ ಬಂದಿದೆ. ಅದಕ್ಕೆ ಸ್ಕಾಟ್‌ಲೆಂಡ್ ಡಿಸ್ಟ್ರಿಕ್ಟ್ ಅಂತ ಹೆಸರು. ಕಡಿದಾದ ಗುಡ್ಡ, ಮಣ್ಣು ಜಾರುವ ನೆಲ, ರಸ್ತೆಗಳೂ ಬಿರುಕು ಬಿಡುತ್ತವೆ. ನೆಲವೇ ಇಲ್ಲಿ ಬೇರೆ ಭಾಗ ಮಾಡಿಟ್ಟಿದೆ. ಪ್ಯಾರಿಷ್ ಗಡಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಈ ಗುಡ್ಡಗಾಡು ಸೇಂಟ್ ಆಂಡ್ರ್ಯೂ, ಸೇಂಟ್ ಜೋಸೆಫ್, ಸೇಂಟ್ ಜಾನ್ ಮೂರರಲ್ಲೂ ಹರಡಿದೆ.

ಈ ದಂಡೆಯ ಬತ್‌ಶೀಬಾ ಊರಿಗೆ ಬ್ರಿಜ್‌ಟೌನ್‌ನಿಂದ ನೇರ ಬಸ್ ಇದೆ. ಕೊನೆಯ ಇಳಿಜಾರಲ್ಲಿ ಅಟ್ಲಾಂಟಿಕ್ ಒಮ್ಮೆಲೇ ಎದುರಿಗೆ ಬರುತ್ತದೆ, ಬುಡ ಸವೆದ ದೊಡ್ಡ ದೊಡ್ಡ ಬಂಡೆಗಳು ನೀರಲ್ಲಿ ನಿಂತಿರುತ್ತವೆ. ಇಲ್ಲಿನ ಸೂಪ್ ಬೌಲ್ ಅಲೆಗಳಿಗೆ ಬೇರೆ ಬೇರೆ ದೇಶಗಳ ಸರ್ಫರ್‌ಗಳು ಬರುತ್ತಾರೆ. ಈಜಲು ಮಾತ್ರ ಇಳಿಯಬೇಡಿ, ಸೆಳೆತ ಭಯಂಕರ. ನೀರು ಇಳಿದಾಗ ಬಂಡೆಗಳ ನಡುವೆ ಚಿಕ್ಕ ಕೊಳಗಳು ಉಳಿಯುತ್ತವೆ, ಅವುಗಳಲ್ಲಿ ಕೂರಬಹುದು. ವಾಪಸ್ ಬಸ್ಸಿನ ಸಮಯ ಇಳಿಯುವಾಗಲೇ ಡ್ರೈವರ್‌ನ ಕೇಳಿಕೊಳ್ಳಿ. ಬ್ರಿಜ್‌ಟೌನ್ ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲೇ, ಹತ್ತಿರ ಹತ್ತಿರ 13 ಡಿಗ್ರಿಯಲ್ಲೇ ಇದೆ. ವರ್ಷವಿಡೀ ಆರು ಗಂಟೆ ಆಸುಪಾಸಿಗೆ ಕತ್ತಲೆ, ಸಂಜೆ ತುಂಬಾ ಹೊತ್ತು ಬೆಳಕಿರುತ್ತದೆ ಅಂದುಕೊಳ್ಳಬೇಡಿ.

ನಾಲ್ಕನೆಯದು ನಡುಭಾಗ ಮತ್ತು ಉತ್ತರ. ಇದಕ್ಕೆ ಒಂದು ದಿನ ಕಾರು ತೆಗೆದುಕೊಳ್ಳಿ. ನಮ್ಮ ಹಾಗೇ ಎಡಬದಿಯ ಸಂಚಾರ, ಆದರೆ ಪ್ರವಾಸಿಗರು ತಾತ್ಕಾಲಿಕ ಪರ್ಮಿಟ್ ಮಾಡಿಸಬೇಕು, ಬಾಡಿಗೆ ಕೊಡುವವರೇ ಮಾಡಿಸಿಕೊಡುತ್ತಾರೆ. ಬೆಳಿಗ್ಗೆ ಗುಹೆ, ಕಮರಿ, ಹಂಟ್ಸ್ ಗಾರ್ಡನ್ಸ್. ಮಧ್ಯಾಹ್ನದ ಮೇಲೆ ಸಕ್ಕರೆ ಮತ್ತು ರಮ್ ಇತಿಹಾಸದ ಸೇಂಟ್ ನಿಕೋಲಸ್ ಅಬೆ ಎಸ್ಟೇಟ್, ಮಾರ್ಗನ್ ಲೂಯಿಸ್ ಗಾಳಿಗಿರಣಿ. ಕೊನೆಗೆ ತುತ್ತತುದಿಯ ಸೇಂಟ್ ಲೂಸಿಯಲ್ಲಿ ಅನಿಮಲ್ ಫ್ಲವರ್ ಕೇವ್. ಅಲೆ ಜೋರಿದ್ದರೆ ಗುಹೆಯೊಳಗೆ ಬಿಡುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ.

ಆಗ್ನೇಯದ ಕ್ರೇನ್ ಬೀಚ್ ಯಾವ ಭಾಗಕ್ಕೂ ಸರಿಯಾಗಿ ಕೂರುವುದಿಲ್ಲ. ಅದು ಏರ್‌ಪೋರ್ಟ್ ಕಡೆಗಿದೆ. ವಾಪಸ್ ವಿಮಾನ ರಾತ್ರಿಯದಾದರೆ ಆ ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ.

ಸಸ್ಯಾಹಾರಿಗಳಿಗೆ: ಇಲ್ಲಿನ ಕುಕು ಅನ್ನುವ ಅಡುಗೆ ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ತೊಳಸಿದ ಮುದ್ದೆಯ ಥರ. ಜೊತೆಗೆ ಬರುವುದು ಮೀನು, ಅದು ಬೇಡ ಅಂತ ಮೊದಲೇ ಹೇಳಬೇಕು. ಮ್ಯಾಕರೋನಿ ಪೈ, ಬಾಳೆಕಾಯಿ, ಬ್ರೆಡ್‌ಫ್ರೂಟ್ ಸಿಗುತ್ತವೆ. ಆಲೂಗಡ್ಡೆ-ಕಡಲೆ ತುಂಬಿದ ರೊಟ್ಟಿ ಸಿಕ್ಕಿದರೆ ಬಿಡಬೇಡಿ. ಮೀನು ತಿನ್ನುವವರು ಶುಕ್ರವಾರ ರಾತ್ರಿ ಓಯ್ಸ್‌ಟಿನ್ಸ್‌ಗೆ ಹೋಗಿ.

ಭಾರತದ ಪಾಸ್‌ಪೋರ್ಟ್‌ಗೆ ಬಾರ್ಬಡೋಸ್ ಪ್ರವಾಸಕ್ಕೆ ವೀಸಾ ಬೇಡ, ದಾರಿಯ ದೇಶಗಳದ್ದು ಬೇಕಾಗಬಹುದು. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸಲೂ ವೀಸಾ ಬೇಕು. ಲಂಡನ್‌ನಲ್ಲಿ ಹೀಥ್ರೂದಿಂದ ಗ್ಯಾಟ್‌ವಿಕ್‌ಗೆ ಬದಲಾಗುವ ಟಿಕೆಟ್ ತೆಗೆಯುವ ಮೊದಲು ನಿಯಮ ಓದಿ. ಮಿಲಿಟರಿ ಚಿತ್ತಾರದ ಬಟ್ಟೆ ಮಕ್ಕಳಿಗೂ ಹಾಕಬೇಡಿ, ಅಲ್ಲಿ ಅದು ಕಾನೂನಿಗೆ ವಿರುದ್ಧ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2024ರ ಫೈನಲ್ ಆದ ಮೇಲೆ ಬೆರಿಲ್ ಚಂಡಮಾರುತದಿಂದ ಏರ್‌ಪೋರ್ಟ್ ಮುಚ್ಚಿ ಭಾರತ ತಂಡವೇ ಅಲ್ಲಿ ಸಿಕ್ಕಿಕೊಂಡಿತ್ತು. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯದು, ಬೆಲೆ ಜಾಸ್ತಿ.

ಮೂರೇ ದಿನ ಇದ್ದರೆ ಉತ್ತರವನ್ನು ಬಿಡಿ, ಕಾರನ್ನೂ ಬಿಡಿ. ಒಂದು ದಿನ ದಕ್ಷಿಣ ಮತ್ತು ಬ್ರಿಜ್‌ಟೌನ್, ಒಂದು ದಿನ ಪಶ್ಚಿಮ. ಬತ್‌ಶೀಬಾ ದಿನವನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬೇಡಿ.