ಕೂರಿಗೆ ಹಿಡಿದವರ ಮುಂದೆ ಬಿತ್ತುವವನ ಸಾಮ್ಯ

ನಾನು ಚರ್ಚಿನ ಸಭಾಪಾಲಕ. ಪ್ರಸಂಗ ಮಾಡೋದೇ ಕೆಲಸ. ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ನೀತಿಕಥೆಗಳಲ್ಲಿ, ಬಿತ್ತುವವನ ಸಾಮ್ಯವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬೀಜ ಅಂದರೆ ದೇವರ ವಾಕ್ಯ, ಅದು ಬೀಳುವ ನೆಲ ಅಂದರೆ ಕೇಳುವವರು: ದಾರಿ, ಬಂಡೆ ನೆಲ, ಮುಳ್ಳು, ಫಲ ಕೊಡುವ ಒಳ್ಳೆ ಭೂಮಿ, ಕೊನೆಗೆ "ನೀವು ಯಾವ ನೆಲ?" ಅಂತ ಒಂದು ಪ್ರಶ್ನೆ. ಜನ ತಲೆ ತಗ್ಗಿಸುತ್ತಿದ್ದರು. ಪ್ರಸಂಗ ಚೆನ್ನಾಗಿ ಆಯ್ತು ಅಂದುಕೊಂಡು ನಾನು ಮನೆಗೆ ಹೋಗುತ್ತಿದ್ದೆ.

ಆಮೇಲೆ ಧಾರವಾಡದ ಕಡೆಯ ಒಂದು ಹಳ್ಳಿಗೆ ವರ್ಗವಾಯ್ತು. ಒಂದು ಸಂಜೆ ಮನೆ ಪ್ರಾರ್ಥನೆಯಲ್ಲಿ ಅದೇ ಸಾಮ್ಯ ತೆಗೆದೆ. ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ನಡುವೆಯೇ ಕೇಳಿದರು: "ಅಯ್ಯನೋರ, ಹಾದ್ಯಾಗ ಬೀಜ ಚೆಲ್ಲಾಂವ ಎಂಥ ರೈತ್ರೀ ಅಂವ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರದು ಕೂರಿಗೆ ಬಿತ್ತನೆ. ಬಟ್ಟಲಿಗೆ ಬಿಟ್ಟ ಕಾಳು ಸಾಲಿನಲ್ಲೇ ಬೀಳುತ್ತದೆ, ಒಂದು ಹಿಡಿಯೂ ಸುಮ್ನೆ ಹೋಗಬಾರದು. ಯೇಸುವಿನ ಕಾಲದ ಗಲಿಲಾಯ ಸೀಮೆಯಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು. ಹೊಲದ ನಡುವೆ ಕಾಲುದಾರಿ. ಬಂಡೆ ನೆಲ ಅಂದರೆ ಕಲ್ಲು ಬಿದ್ದ ನೆಲವಲ್ಲ, ಸುಣ್ಣದ ಕಲ್ಲಿನ ಹಾಸಿನ ಮೇಲೆ ತೆಳ್ಳಗೆ ಇರುವ ಮಣ್ಣು. ಇದನ್ನು ಹೇಳುತ್ತಿದ್ದ ಹಾಗೆ ಆ ಹಿರಿಯರೇ ಮಾತು ಮುಗಿಸಿದರು: "ಮಡ್ಡಿ ಅನ್ರಿ. ಬೇಗ ಹುಟ್ತೈತಿ, ಬೇಗ ಒಣಗ್ತೈತಿ."

ನನ್ನ ಹತ್ತು ನಿಮಿಷದ ವಿವರಣೆ ಅವರ ಒಂದು ಸಾಲಿನಲ್ಲಿ ಮುಗಿದುಹೋಯಿತು!

ಆ ರಾತ್ರಿ ಬೈಬಲಿನಲ್ಲಿ ಈ ಸಾಮ್ಯ ಇರುವ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯವನ್ನು ಮತ್ತೆ ಓದಿದೆ. ನಾನು ಯಾವಾಗಲೂ ನೆಲವನ್ನೇ ನೋಡಿದ್ದೆ, ಬಿತ್ತುವವನನ್ನು ನೋಡಿರಲಿಲ್ಲ. ಯಾವ ಜಾಗ ಅಂತ ಆರಿಸದೆ ಎರಚುತ್ತಾ ಹೋಗುವವನು ಅವನು. ಮುಕ್ಕಾಲು ಕಡೆ ನಷ್ಟ, ಉಳಿದ ಕಡೆ 30, 60, 100 ಪಟ್ಟು ಫಲ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಸಾಮ್ಯದ ಅರ್ಥ ಸಿಕ್ಕಿದ್ದು ಸರೋವರದ ದಡದ ಮೇಲೆ ನಿಂತು ಕೇಳಿದ ಗುಂಪಿಗಲ್ಲ. ಆಮೇಲೆ ಉಳಿದುಕೊಂಡು "ಹಾಗಂದ್ರೇನು?" ಅಂತ ಕೇಳಿದವರಿಗೆ. ಹನ್ನೆರಡು ಮಂದಿ ಶಿಷ್ಯರು ಮಾತ್ರ ಅಲ್ಲ, ಸುತ್ತ ಇದ್ದ ಬೇರೆಯವರೂ ಕೇಳಿದರು ಅಂತ ಮಾರ್ಕ ಬರೆಯುತ್ತಾನೆ. ಶಿಷ್ಯರಾಗೋದು ಅಲ್ಲಿಂದಲೇ ಶುರು ಅಲ್ವಾ? ನಾನೋ, ಕೇಳೋಕೆ ಯಾರಿಗೂ ಜಾಗವನ್ನೇ ಬಿಟ್ಟಿರಲಿಲ್ಲ.

ಪ್ರತಿ ವಿವರಕ್ಕೂ ಒಂದು ಗುಟ್ಟಿನ ಅರ್ಥ ಹಚ್ಚುವ ಚಾಳಿ ನಮ್ಮವರಲ್ಲಿ ಹಳೆಯದು. ಗಾಯಗೊಂಡ ಅಪರಿಚಿತನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, ಆ ಛತ್ರದವನೇ ಅಪೊಸ್ತಲ ಪೌಲ ಅಂದಿದ್ದ ಹಳೆಯ ಕಾಲದ ಧರ್ಮಪಂಡಿತ ಅಗಸ್ಟೀನ್. ದೊಡ್ಡ ಮನುಷ್ಯ, ಆದರೂ ಇದು ಸ್ವಲ್ಪ ಜಾಸ್ತಿಯೇ ಆಯ್ತು.

ಈಗ ಪ್ರಸಂಗವನ್ನು ಅರ್ಧ ಮಾಡಿದ್ದೇನೆ. ಮುಗಿದ ಮೇಲೆ ಚಾಪೆಯ ಮೇಲೆ ಕೂರುತ್ತೇನೆ, ಚಹಾ ಬರುತ್ತದೆ, ಪ್ರಶ್ನೆಗಳೂ ಬರುತ್ತವೆ. ಮೊನ್ನೆ ಸಾಸಿವೆ ಕಾಳಿನ ಸಾಮ್ಯ. ಮತ್ತಾಯನ ಸುವಾರ್ತೆಯಲ್ಲಿ ಅದು ಬೆಳೆದು ಮರವೇ ಆಗುತ್ತದೆ, ಹಕ್ಕಿಗಳು ಕೊಂಬೆಯಲ್ಲಿ ಇಳಿಯುತ್ತವೆ. ಮಾರ್ಕನಲ್ಲಿ ಅದು ಕಾಯಿಪಲ್ಯದ ಗಿಡಗಳಲ್ಲೇ ದೊಡ್ಡದು, ಹಕ್ಕಿಗಳು ಅದರ ನೆರಳಿಗೆ ಬರುತ್ತವೆ. ಎರಡನ್ನೂ ಓದಿ ಹೇಳಿದೆ.

ಕಂಬದ ಹತ್ತಿರದಿಂದ ದನಿ ಬಂತು: "ಮಾರ್ಕ ಹೊಲಕ್ಕ ಹೋದಾಂವ ಕಾಣ್ತಾನ್ರಿ."